ಏಳು ಸೆಕೆಂಡಿನ ಅಕ್ರೋಟು

೧೧ ಮಾರ್ಚ್ ೧೯೫೬, ಭಾನುವಾರ

ಮಿಸೆಸ್ ಆಲ್ಟನ್ ಬ್ಲಾಕ್ಸಮ್. ಈ ಹೊಸ ಪುಸ್ತಕದ ಮೊದಲ ಪುಟದಲ್ಲಿ ಇದನ್ನೇ ಒಂಬತ್ತು ಸಲ ಬರೆದೆ. ಇನ್ನೂ ತೃಪ್ತಿಯಾಗಿಲ್ಲ. ಇಷ್ಟು ಸುಖವಾಗಿರಲು ಎಲ್ಲಿಯಾದರೂ ಅರ್ಜಿ ಹಾಕಿ ಅನುಮತಿ ಪಡೆಯಬೇಕೇನೋ ಎಂದು ಅನುಮಾನ ಬರುವಷ್ಟು ಸುಖವಾಗಿದ್ದೇನೆ.

ಸಮುದ್ರದ ದಡದ ಹೋಟೆಲಿನಲ್ಲಿ ನಾಲ್ಕು ದಿನ ಇದ್ದು ಇಂದು ಮಧ್ಯಾಹ್ನ ಮನೆಗೆ ಬಂದೆವು. ಮಾರ್ಚ್ ತಿಂಗಳಲ್ಲಿ ಅಲ್ಲಿಗೆ ಯಾರೂ ಹೋಗುವುದಿಲ್ಲವಂತೆ. ಇಡೀ ಹೋಟೆಲಿನಲ್ಲಿ ನಾವಿಬ್ಬರು, ಮತ್ತೆ ಬ್ರಷ್ ಮಾರುವ ಒಬ್ಬ ಮನುಷ್ಯ. ಸ್ವರ್ಗವೆಂದರೆ ಅದೇ.

ಆಲ್ಟನ್ ನನ್ನನ್ನು ಎತ್ತಿಕೊಂಡೇ ಹೊಸ್ತಿಲು ದಾಟಿದ. ಒಳಗೆ ಕಾಲಿಟ್ಟದ್ದೇ ನಾವಿಬ್ಬರೂ ಎಡಕ್ಕೆ ಜಾರಿದೆವು. ಸಂತೋಷದಿಂದ ತಲೆ ಸುತ್ತುತ್ತಿದೆ ಎಂದುಕೊಂಡೆ. ಅವನು ನನ್ನನ್ನು ಕೆಳಗಿಳಿಸಿದಾಗ ನಾನು ನಿಂತೆ, ನನ್ನ ಪೆಟ್ಟಿಗೆ ಮಾತ್ರ ತಾನೇ ತಾನಾಗಿ ಕಿಟಕಿಯ ಕಡೆಗೆ ಹೋಯಿತು.

"ಆಲ್ಟನ್, ನೆಲ ವಾಲಿದೆ," ಎಂದೆ.

"ಹೂಂ. ಅದು ಸಾಕ್ಷಿ," ಎಂದ.

ಆಗ ಒಂದು ವಿಷಯ ಹೊಳೆಯಿತು. ಮದುವೆಯ ದಿನ ಚರ್ಚಿನಲ್ಲಿ ಅವನು ಉದ್ದಕ್ಕೂ ನನ್ನ ಕಡೆಗೇ ವಾಲಿಕೊಂಡು ನಿಂತಿದ್ದ. ಪ್ರೀತಿ ಎಂದುಕೊಂಡು ನಾನು ಅತ್ತಿದ್ದೆ. ಹದಿನಾಲ್ಕನೆಯ ವಯಸ್ಸಿನಿಂದ ಈ ನೆಲದ ಮೇಲೆ ನಡೆದವನು ಸಮನೆಲದ ಮೇಲೆ ಹಾಗೆಯೇ ನಿಲ್ಲುತ್ತಾನಂತೆ. ಆದರೂ ಪ್ರೀತಿಯೂ ಸ್ವಲ್ಪ ಇತ್ತು ಎಂದು ಅವನೇ ಹೇಳಿದ್ದಾನೆ.

ಅತ್ತೆ ಎಷ್ಟು ಒಳ್ಳೆಯವರು. ಕೊಲ್ಲಿಯ ಚಿಪ್ಪುಜೀವಿ ಸಿಂಪಿಯ ಸಾರು ಮಾಡಿದ್ದರು. ತಟ್ಟೆಯ ಒಂದು ಕಡೆ ಸಾರು ಅಂಚಿನವರೆಗೆ ಬಂದಿತ್ತು, ಇನ್ನೊಂದು ಕಡೆ ಒಣಗಿತ್ತು. "ಅರ್ಧಕ್ಕಿಂತ ಜಾಸ್ತಿ ಹಾಕ್ಕೋಬೇಡ ಮಗಳೇ," ಎಂದರು. ಮಗಳೇ ಎಂದರು. ನಾನು ಅವರನ್ನು ಪ್ರಾಣದಂತೆ ನೋಡಿಕೊಳ್ಳುತ್ತೇನೆ.

೧೩ ಮಾರ್ಚ್, ಮಂಗಳವಾರ

ಸಾಕ್ಷಿಯ ಕಥೆ ಪೂರ್ತಿ ಕೇಳಿದೆ. ಮಾವನವರ ಹೆಸರು ಎಲಿಹು. ಈ ಮನೆಯನ್ನು ತಮ್ಮ ಕೈಯಿಂದಲೇ ಕಟ್ಟಿದವರು. ೧೯೪೪ರ ನವೆಂಬರ್ ಹದಿನೆಂಟರ ಶನಿವಾರ, ದೊಡ್ಡ ಹಡಗುಗಳಿಗೆ ದಾರಿ ಆಳ ಮಾಡಲು ಸರ್ಕಾರದವರು ಇಲ್ಲೇ ಎದುರಿಗೆ ಕೊಲ್ಲಿಯ ನೀರಿನಡಿಯಲ್ಲಿ ಸಿಡಿಮದ್ದು ಹೊಡೆದರು. ಮನೆ ನೀರಿನ ಕಡೆಗೆ ಮೂರು ಅಂಗುಲ ವಾಲಿತು. ನೀರಿನಡಿಯಲ್ಲಿ ಸಿಂಪಿ ಬೆಳೆಸುವ ಪಾತಿಗಳೆಲ್ಲ ಕೆಸರಿನಲ್ಲಿ ಹೂತುಹೋದವು.

ಸರ್ಕಾರದ ಮೇಲೆ ಕೋರ್ಟಿಗೆ ಹೋಗಲು ಅವಕಾಶ ಕೊಟ್ಟ ಕಾನೂನು ಆಮೇಲೆ ಬಂತಂತೆ. ಆದರೆ ಅದು ೧೯೪೫ರ ಜನವರಿ ಒಂದರಿಂದ ಈಚೆಗೆ ಆದದ್ದಕ್ಕೆ ಮಾತ್ರ.

"ಇನ್ನೇಳು ವಾರ ತಡೆದು ಹೊಡೆದಿದ್ರೆ ಸಾಕಾಗಿತ್ತು," ಎಂದರು ಅತ್ತೆ, ಬಟಾಣಿ ಸುಲಿಯುತ್ತ. "ಅವಸರದ ಜನ."

ಹಾಗಾಗಿ ಉಳಿದದ್ದು ಒಂದೇ ದಾರಿ. ವಾಷಿಂಗ್ಟನ್ನಿನ ಸಂಸತ್ತು ನಮಗೊಬ್ಬರಿಗೇ ಎಂದು ಒಂದು ಕಾನೂನು ಮಾಡಬೇಕು. ಮಸೂದೆಯ ಹೆಸರು: "ಹೆಸ್ಟರ್ ಬ್ಲಾಕ್ಸಮ್ ಮತ್ತು ಬ್ಲಾಕ್ಸಮ್ ಸಿಂಪಿ ಕಂಪನಿಯ ಪರಿಹಾರಕ್ಕಾಗಿ." ಕಂಪನಿ ಎಂದರೆ ಅತ್ತೆ, ಆಲ್ಟನ್ ಮತ್ತು ಒಂದು ದೋಣಿ. ನನ್ನ ಅತ್ತೆಯ ಹೆಸರಿನಲ್ಲಿ ಒಂದು ಕಾನೂನು ಬರಲಿದೆ ಎಂದು ಎಲ್ಲರಿಗೂ ಕಾಗದ ಬರೆದೆ. ಅಕ್ಕನ ಅತ್ತೆಯ ಹೆಸರಿನಲ್ಲಿ ಒಂದು ಕೇಕೂ ಇಲ್ಲ.

ಎರಡು ವರ್ಷಕ್ಕೊಮ್ಮೆ ಸಂಸತ್ತು ಹೊಸದಾಗುತ್ತದೆ, ಹಳೆಯ ಮಸೂದೆ ಸಾಯುತ್ತದೆ, ಮತ್ತೆ ಮೊದಲಿನಿಂದ. ಈಗಿನದು ಐದನೆಯದು. ಈ ಮನೆಯಲ್ಲಿ ಕಾಲವನ್ನು ಅದರಿಂದಲೇ ಎಣಿಸುತ್ತಾರೆ. ಮಾವನವರು ತೀರಿಕೊಂಡದ್ದು ಮೂರನೆಯ ಮಸೂದೆಯಲ್ಲಿ. ನಾಯಿ ಬಂದದ್ದು ನಾಲ್ಕನೆಯದರಲ್ಲಿ. ಐದನೆಯದರಲ್ಲಿ ನಾನು.

ಅಲ್ಲಿಯವರೆಗೆ ಮನೆಯನ್ನು ಮುಟ್ಟುವಂತಿಲ್ಲ. ರಿಪೇರಿಯಾದ ಹಾನಿಯನ್ನು ಯಾರು ನಂಬುತ್ತಾರೆ? ಕುರ್ಚಿಗಳ ಕಾಲನ್ನು ಒಂದು ಕಡೆ ಗರಗಸದಿಂದ ಕುಯ್ದು ಹೊಂದಿಸಿಕೊಂಡಿದ್ದಾರೆ. ಹಾಸಿಗೆಗೆ ಕಟ್ಟೆ ಇದೆ. ಎಲ್ಲವೂ ಎಷ್ಟು ಮುದ್ದಾಗಿದೆ.

೧೮ ಮಾರ್ಚ್, ಭಾನುವಾರ

ಚರ್ಚಿನಿಂದ ಬಂದಮೇಲೆ ಟೋಪಿ ತೆಗೆಯುವುದಕ್ಕೂ ಮುಂಚೆ ಅತ್ತೆ ಒಂದು ಕೆಲಸ ಮಾಡುತ್ತಾರೆ. ಅಡುಗೆಮನೆಯ ಬಾಗಿಲ ಬಳಿ ಕೂತು ಒಂದು ಅಕ್ರೋಟನ್ನು ನೆಲಕ್ಕೆ ಬಿಡುತ್ತಾರೆ. ಅದು ಎದುರು ಗೋಡೆ ಮುಟ್ಟುವವರೆಗೆ ಮಾವನವರ ಗಡಿಯಾರ ಹಿಡಿದು ಎಣಿಸುತ್ತಾರೆ. ಏಳು ಸೆಕೆಂಡು. ಬೈಬಲಿನ ಪಕ್ಕದಲ್ಲಿರುವ ಪುಸ್ತಕದಲ್ಲಿ ತಾರೀಕು ಹಾಕಿ "ಏಳು" ಎಂದು ಬರೆಯುತ್ತಾರೆ. ಮಾವನವರು ಶುರು ಮಾಡಿದ್ದಂತೆ.

"ಇದನ್ನೂ ವಾಷಿಂಗ್ಟನ್ನಿಗೆ ಕಳಿಸಿದ್ದೀರಾ ಅತ್ತೆ?"

"ಅಕ್ರೋಟಿನ ಲೆಕ್ಕ ಅವರಿಗ್ಯಾಕೆ? ಫೋಟೊ ಕಳ್ಸಿದೀವಿ, ನಲವತ್ತು. ಇದು ಭಾನುವಾರದ್ದು."

ಅವರು ನನ್ನ ಕೆನ್ನೆ ತಟ್ಟಿದರು. ಅಕ್ರೋಟನ್ನು ಎತ್ತಿ ತರುವ ಕೆಲಸ ಇನ್ನು ಮೇಲೆ ನನ್ನದು.

೨೭ ಮಾರ್ಚ್, ಮಂಗಳವಾರ

ಇಂದು ಅಂಗಡಿಯಲ್ಲಿ ಒಂದು ವಿಷಯ ತಿಳಿಯಿತು. ಅಂಗಡಿಯ ಮಿಸ್ಟರ್ ಸ್ಪೆನ್ಸ್ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು, ಸ್ವಲ್ಪ ಓರೆಯಾಗಿತ್ತು. ಅಲ್ಲಿ ಕೂತಿದ್ದ ಮುದುಕರಲ್ಲಿ ಒಬ್ಬ, "ಏನ್ ಸ್ಪೆನ್ಸ್, ಎಲಿಹು ಕಟ್ಟಿದ್ನೋ?" ಎಂದ. ಎಲ್ಲರೂ ನಕ್ಕರು. ನಾನು ಯಾರ ಸೊಸೆ ಎಂದು ಗೊತ್ತಾದಮೇಲೆ ಸುಮ್ಮನಾದರು.

ಆಲ್ಟನ್‌ನನ್ನು ಕೇಳಿದೆ. ಸರ್ಕಾರದಿಂದ ಬಂದ ಮೊದಲ ಉತ್ತರದಲ್ಲಿ, ಮನೆ ವಾಲಿದ್ದು ಸ್ಫೋಟದಿಂದಲ್ಲ, ಕಟ್ಟಿದವನ ಪಾಯ ಸಡಿಲವಾಗಿದ್ದರಿಂದ ಎಂದು ಬರೆದಿತ್ತಂತೆ. ಅದು ಊರಿಗೆಲ್ಲ ತಿಳಿಯಿತು. ಮಾವನವರು ಬಡಗಿ. ಆಮೇಲೆ ಯಾರೂ ಅವರನ್ನು ಕೆಲಸಕ್ಕೆ ಕರೆಯಲಿಲ್ಲ.

"ಅಮ್ಮನಿಗೆ ದುಡ್ಡಲ್ಲ ಕೋರಾ ಬೇಕಾಗಿರೋದು," ಎಂದ. "ನಾವೇ ಮಾಡಿದ್ದು ಅಂತ ಸರ್ಕಾರ ಒಂದು ಸಾಲು ಬರೀಬೇಕು. ಅಷ್ಟೆ."

ಎಂಟು ಸಾವಿರದ ನಾನೂರು ಡಾಲರ್ ಕೇಳಿದ್ದಾರೆ. ದುಡ್ಡೂ ಬಂದರೆ ಅಡುಗೆಮನೆಗೆ ಹಳದಿ ಬಣ್ಣ ಎಂದು ನಾನು ನಿರ್ಧರಿಸಿದ್ದೇನೆ.

೫ ಏಪ್ರಿಲ್, ಗುರುವಾರ

ನಮ್ಮ ಜಿಲ್ಲೆಯ ಸಂಸತ್ ಸದಸ್ಯರಿಂದ ಕಾಗದ ಬಂತು. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಮಸೂದೆ ಸಮಿತಿಯನ್ನು ದಾಟುವ ಲಕ್ಷಣವಿದೆ. ಮೇ ತಿಂಗಳಲ್ಲಿ ಒಬ್ಬ ಅಧಿಕಾರಿ ಬಂದು ಮನೆ ನೋಡುತ್ತಾರೆ. ಆಮೇಲೆ ಒಂದು ಮಂಗಳವಾರ ಸಭೆಯಲ್ಲಿ ಮಸೂದೆಯ ಹೆಸರು ಓದುತ್ತಾರೆ. ಚರ್ಚೆ ಇಲ್ಲ. ಇಬ್ಬರು ಸದಸ್ಯರು ಆಕ್ಷೇಪ ಎಂದರೆ ಸತ್ತಿತು. ಯಾರೂ ಮಾತಾಡದಿದ್ದರೆ ಪಾಸು.

"ಯಾರೂ ಏನೂ ಹೇಳ್ಬಾರದು, ಅಷ್ಟೇನಾ?" ಎಂದೆ.

"ನಿನಗೆ ಅದು ಸುಲಭ ಅನ್ಸುತ್ತಾ?" ಎಂದರು ಅತ್ತೆ. ಅವರು ಹಾಸ್ಯ ಮಾಡಿದ್ದು ಇದೇ ಮೊದಲು. ಪೀಚ್ ಬ್ರಾಂಡಿಯನ್ನು ಎಲ್ಲರಿಗೂ ಅರ್ಧರ್ಧ ಲೋಟ ಹಾಕಿದರು.

ಅಮ್ಮನಿಗೆ ನಗುವಂಥ ಕಾಗದ ಬರೆದೆ. ಕಟ್ಟೆ ಇರುವ ಹಾಸಿಗೆ, ತಟ್ಟೆಯಿಂದ ತಟ್ಟೆಗೆ ವಲಸೆ ಹೋಗುವ ಬಟಾಣಿ, ಎಲ್ಲ.

೧೪ ಏಪ್ರಿಲ್, ಶನಿವಾರ

ಮಹತ್ವದ ದಿನ. ಸಂಜೆಗೆ ಅತ್ತೆಯ ಮುಖ ನೋಡಲು ತಡೆಯಲಾರದೆ ಈಗಲೇ ಬರೆಯುತ್ತಿದ್ದೇನೆ.

ಬೆಳಗ್ಗೆ ಆಲ್ಟನ್ ಅತ್ತೆಯನ್ನು ಅವರ ತಂಗಿಯ ಮನೆಗೆ ಕರೆದುಕೊಂಡು ಹೋದ. ಒಂಬತ್ತಕ್ಕೆ ನನ್ನ ಅಣ್ಣಂದಿರಾದ ವಿಲ್ಮರ್ ಮತ್ತು ಡಾರ್ಸಿ ಲಾರಿಯಲ್ಲಿ ಬಂದರು. ಇಬ್ಬರೂ ಮನೆ ಎತ್ತಿ ಜಾಗ ಬದಲಿಸುವ ಕೆಲಸದವರು. ನನ್ನ ಕಾಗದ ಓದಿ ಅಮ್ಮ ನಗಲಿಲ್ಲವಂತೆ, ಅತ್ತಳಂತೆ.

"ನಮ್ಮ ತಂಗಿ ಇಳಿಜಾರಲ್ಲಿ ಸಂಸಾರ ಮಾಡೋದು ಬೇಡ," ಎಂದ ವಿಲ್ಮರ್. "ಮದುವೆಗೆ ಉಡುಗೊರೆ ಕೊಟ್ಟಿರ್ಲಿಲ್ಲ. ಇದೇ ಅದು."

ಮೊದಲು ಬೇಡ ಎಂದೆ. ಸಾಕ್ಷಿ ಎಂದೆ. ಆದರೆ ನಲವತ್ತು ಫೋಟೊಗಳಿವೆ, ಫೋಟೊ ಎಂದರೆ ಸಾಕ್ಷಿಯಲ್ಲವೇ? ವಾಷಿಂಗ್ಟನ್ನಿನಿಂದ ಅಷ್ಟು ದೊಡ್ಡ ಮನುಷ್ಯರು ಬರುತ್ತಿದ್ದಾರೆ, ಅವರ ಕಾಫಿ ಅವರ ತೊಡೆಯ ಮೇಲೆ ಚೆಲ್ಲಬೇಕೇ? ಅತ್ತೆ ಹನ್ನೊಂದು ವರ್ಷದಿಂದ ಒಂದು ಕಾಲೆಳೆದು ನಡೆಯುತ್ತಿದ್ದಾರೆ. ಅವರಿಗೆ ನಾನು ಏನನ್ನೂ ಕೊಟ್ಟಿಲ್ಲ.

ಮೂರು ಜ್ಯಾಕು, ಆರು ಓಕ್ ದಿಮ್ಮಿ. ಮನೆ ಮುಲುಗಿತು, ಎದ್ದಿತು. ಮೂರು ಗಂಟೆಗೆಲ್ಲ ಮುಗಿಯಿತು. ಅಣ್ಣಂದಿರು ಒಂದು ಇಡೀ ಪೀಚ್ ಪೈ ತಿಂದು ಹೊರಟರು. ಅಡುಗೆಮನೆಯ ನೆಲ ಈಗ ಗಾಜಿನಂತೆ ಸಮ.

೧೫ ಏಪ್ರಿಲ್, ಭಾನುವಾರ

ನಿನ್ನೆ ಸಂಜೆ ಆಲ್ಟನ್ ಒಳಗೆ ಬಂದವನು ಎರಡನೆಯ ಹೆಜ್ಜೆಗೆ ಬಿದ್ದ. ಅತ್ತೆ ಬಾಗಿಲು ಹಿಡಿದುಕೊಂಡು ನಿಂತರು. ಹಡಗು ಹತ್ತಿದವರಂತೆ ಅವರ ಮುಖ ಬಿಳಿಚಿತು.

ಇಂದು ಚರ್ಚಿನಿಂದ ಬಂದಮೇಲೆ ಅತ್ತೆ ಬಾಗಿಲ ಬಳಿ ಕೂತು ಅಕ್ರೋಟನ್ನು ಬಿಟ್ಟರು. ಅದು ಅಲ್ಲೇ ಇತ್ತು. ಅವರು ಗಡಿಯಾರ ನೋಡುತ್ತ ಏಳು ಎಣಿಸಿದರು. ಪುಸ್ತಕ ತೆರೆದು ಬರೆದರು: "ಹೊರಳಲಿಲ್ಲ."

ನಾನು ಎತ್ತಿಕೊಡಲು ಹೋದೆ. ಅವರೇ ಎತ್ತಿಕೊಂಡರು.

೧೭ ಏಪ್ರಿಲ್, ಮಂಗಳವಾರ

ಅತ್ತೆ ನನ್ನ ಜೊತೆ ಮಾತಾಡುವುದಿಲ್ಲ. ಹೇಳಬೇಕಾದ್ದನ್ನು ಒಲೆಗೆ ಹೇಳುತ್ತಾರೆ.

"ಯಾರಾದ್ರೂ ಕಾಫಿ ಇಳಿಸಿದ್ರೆ ಒಳ್ಳೇದು," ಎಂದರು ಒಲೆಗೆ. ನಾನು ಇಳಿಸಿದೆ.

ಕುರ್ಚಿಗಳಿಗೆಲ್ಲ ಈಗ ಎರಡು ಕಾಲು ಗಿಡ್ಡ. ಊಟಕ್ಕೆ ಕೂತರೆ ಮೂವರೂ ಮನೆಯ ಹಿಂದಿನ ಗುಡ್ಡದ ಕಡೆಗೆ ಬೀಳುತ್ತೇವೆ. ಮೊದಲು ನಿಂತರೆ ನೀರಿನ ಕಡೆಗೆ ಬೀಳುತ್ತಿದ್ದೆವು.

"ವಿಲ್ಮರ್‌ನ ಕರೆಸಿ ಮತ್ತೆ ಇಳಿಸಿಬಿಡೋಣ ಅಮ್ಮಾ," ಎಂದ ಆಲ್ಟನ್. "ಮೂರು ಅಂಗುಲ. ಯಾರಿಗೆ ಗೊತ್ತಾಗುತ್ತೆ?" ನಾನೂ ಹೂಂ ಎಂದೆ. ನಾನೇ ಕೆಳಗೆ ನುಗ್ಗಿ ಜ್ಯಾಕು ತಿರುಗಿಸಲು ಸಿದ್ಧಳಿದ್ದೆ.

ಅತ್ತೆ ಒಲೆಯ ಕಡೆ ತಿರುಗಿದರು. "ಅವತ್ತು ವಾಲಿಸಿದ್ದು ಸರ್ಕಾರ. ಇವತ್ತು ಇಳಿಸಿದ್ರೆ ವಾಲಿಸಿದ್ದು ನಾವಾಗ್ತೀವಿ. ಎಲಿಹು ಹೆಸರಲ್ಲಿ ನಾನು ಸುಳ್ಳು ನೆಲ ತೋರ್ಸಲ್ಲ."

ಒಲೆ ಏನೂ ಹೇಳಲಿಲ್ಲ.

೨ ಮೇ, ಬುಧವಾರ

ಮಳೆ. ಒಲೆಗೆ ಮೂರು ಮಾತು.

೧೭ ಮೇ, ಗುರುವಾರ

ಅಧಿಕಾರಿ ಬಂದರು. ಹೆಸರು ಮಿಸ್ಟರ್ ಸ್ಟ್ಯಾಕ್‌ಹೌಸ್. ಆಕ್ಷೇಪ ಎತ್ತುವುದಕ್ಕೆಂದೇ ಪಕ್ಷಗಳು ನೇಮಿಸಿದ ಸದಸ್ಯರಿದ್ದಾರಂತೆ, ಇವರು ಅವರಿಗಾಗಿ ಮಸೂದೆಗಳನ್ನು ಓದಿ ಟಿಪ್ಪಣಿ ಕೊಡುವವರು. ಸಣ್ಣ ಮನುಷ್ಯ, ಕಂದು ಚೀಲ. ಚೀಲದಿಂದ ರಸಮಟ್ಟ ತೆಗೆದು ನೆಲಕ್ಕಿಟ್ಟರು. ಗುಳ್ಳೆ ನಟ್ಟನಡುವೆ ನಿಂತಿತು.

"ಮಿಸೆಸ್ ಬ್ಲಾಕ್ಸಮ್, ಮನೆ ಸಮವಾಗಿದೆಯಲ್ಲ," ಎಂದರು.

"ಹೌದು," ಎಂದರು ಅತ್ತೆ.

ನಾನು ಹೇಳಿದೆ. ಕಾಗದ, ಅಣ್ಣಂದಿರು, ಜ್ಯಾಕು, ಪೈ. ಏನನ್ನೂ ಬಿಡಲಿಲ್ಲ. ತಪ್ಪು ನನ್ನದು, ಈ ಮನೆಯವರದಲ್ಲ ಎಂದೆ. ಅವರು ಎಲ್ಲವನ್ನೂ ಬರೆದುಕೊಂಡು ಕುರ್ಚಿಯಲ್ಲಿ ಕೂತರು, ಕಾಫಿಯ ಸಮೇತ ಗುಡ್ಡದ ಕಡೆಗೆ ಜಾರಿದರು. ಅಂಗಿ ಒರೆಸಿಕೊಂಡು ಕುರ್ಚಿಯ ಕಾಲುಗಳನ್ನು ಅಳೆದರು.

"ಇದನ್ನು ಯಾವಾಗ ಕುಯ್ದದ್ದು?"

"ಒಂದನೇ ಮಸೂದೆಲಿ," ಎಂದ ಆಲ್ಟನ್.

"ಕುರ್ಚಿಯ ಕಾಲನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ಕುಯ್ಯಬಹುದು. ಫೋಟೊಗಳು ವಾಲಿದ ಮನೆಯನ್ನು ತೋರಿಸುತ್ತವೆ, ಯಾಕೆ ವಾಲಿತು ಅಂತ ತೋರಿಸಲ್ಲ. ನನ್ನ ಪ್ರಶ್ನೆ ಅದೊಂದೇ. ಪಾಯವೋ, ಸ್ಫೋಟವೋ?" ಎಂದು ಅವರು ಚೀಲ ಮುಚ್ಚಿದರು. ಎದ್ದವರು ಕಿಟಕಿಯ ಕಟ್ಟೆಯ ಮೇಲೆ ನೋಡಿದರು. "ಈ ಅಕ್ರೋಟು ಯಾಕೆ ಇಷ್ಟು ನುಣುಪಾಗಿದೆ?"

ನಾನು ಬೈಬಲಿನ ಪಕ್ಕದಿಂದ ಪುಸ್ತಕ ತಂದು ಅತ್ತೆಯ ಮುಖ ನೋಡಿದೆ. ಅವರು ಬೇಡ ಎನ್ನಲಿಲ್ಲ.

"ಓದಿ," ಎಂದರು ಮಿಸ್ಟರ್ ಸ್ಟ್ಯಾಕ್‌ಹೌಸ್.

"ಎಲ್ಲಾನಾ?"

"ಎಲ್ಲ."

ಓದಿದೆ. ೧೯ ನವೆಂಬರ್ ೧೯೪೪, ಏಳು. ೨೬ ನವೆಂಬರ್, ಏಳು. ೩ ಡಿಸೆಂಬರ್, ಏಳು. ಆರುನೂರು ಭಾನುವಾರಗಳು. ಒಂದು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ಅವರು ಒಂದು ಸಲವೂ ತಡೆಯಲಿಲ್ಲ. ೧೯೪೮ರಲ್ಲಿ ಒಂದು ಕಡೆ, "ಎಂಟು. ಅಕ್ರೋಟು ಹೊಸದು, ಸವೆದಿಲ್ಲ." ೧೯೫೧ರ ಅಕ್ಟೋಬರಿನಲ್ಲಿ ಬರಹ ಬದಲಾಯಿತು. ಅಲ್ಲಿಯವರೆಗೆ ಮಾವನವರದು, ಅಲ್ಲಿಂದ ಅತ್ತೆಯದು. ಆ ಸಾಲು: "ಎಲಿಹು ಬೆಳಗ್ಗೆ ಹೋದರು. ಏಳು."

ಅಲ್ಲಿ ನಿಲ್ಲಿಸಿದೆ. ನೀರು ಕುಡಿದು ಮುಂದುವರಿಸಿದೆ. ಕೊನೆಯ ಐದು ಭಾನುವಾರ: ಹೊರಳಲಿಲ್ಲ.

ಮಿಸ್ಟರ್ ಸ್ಟ್ಯಾಕ್‌ಹೌಸ್ ಪೆನ್ನು ತೆಗೆದರು. "ಪಾಯ ಸಡಿಲವಾಗಿದ್ದರೆ ಮನೆ ವರ್ಷ ವರ್ಷ ಇಳಿಯುತ್ತಲೇ ಹೋಗಬೇಕು. ಏಳು ಇದ್ದದ್ದು ಆರಾಗಬೇಕು, ಐದಾಗಬೇಕು. ಇದು ಒಂದೇ ದಿನ ವಾಲಿ, ಆಮೇಲೆ ಕದಲಿಲ್ಲ." ಅಷ್ಟು ಹೇಳಿ ಬರೆದುಕೊಂಡರು. "ಈ ಪುಸ್ತಕವನ್ನು ಇಷ್ಟು ವರ್ಷ ಯಾಕೆ ಕಳಿಸಲಿಲ್ಲ, ಮಿಸೆಸ್ ಬ್ಲಾಕ್ಸಮ್?"

"ನೀವು ಫೋಟೊ ಕೇಳಿದ್ರಿ," ಎಂದರು ಅತ್ತೆ.

ಅವರು ಪುಸ್ತಕಕ್ಕೆ ರಸೀದಿ ಕೊಟ್ಟು ತೆಗೆದುಕೊಂಡು ಹೋದರು. ಆಕ್ಷೇಪ ಬರುತ್ತದೋ ಇಲ್ಲವೋ ಹೇಳಲಿಲ್ಲ. ಅದು ಅವರ ಕೆಲಸವಲ್ಲವಂತೆ.

೨೦ ಮೇ, ಭಾನುವಾರ

ಪುಸ್ತಕ ವಾಷಿಂಗ್ಟನ್ನಿನಲ್ಲಿದೆ. ಅತ್ತೆ ಅಕ್ರೋಟನ್ನು ಬಿಟ್ಟು, ಬರೆಯಲು ಏನೂ ಇಲ್ಲದೆ ಕೈಕಟ್ಟಿ ಕೂತರು. ನಾನು ಈ ಪುಸ್ತಕದಲ್ಲಿ ಬರೆದಿಡುತ್ತೇನೆ. ಹೊರಳಲಿಲ್ಲ.

೨೭ ಮೇ, ಭಾನುವಾರ

ಹೊರಳಲಿಲ್ಲ.

೧೦ ಜೂನ್, ಭಾನುವಾರ

ಹೊರಳಲಿಲ್ಲ. ಆಲ್ಟನ್ ಕುರ್ಚಿಗಳ ಉದ್ದದ ಕಾಲುಗಳನ್ನೂ ಕುಯ್ದ. ಈಗ ಎಲ್ಲರೂ ಗಿಡ್ಡ. ಗಲ್ಲದ ಮಟ್ಟಕ್ಕೆ ಮೇಜು.

ಹಳದಿ ಬಣ್ಣದ ಮಾದರಿ ಅಂಗಡಿಯಿಂದ ಬಂತು. ವಾಪಸ್ ಕಳಿಸಿದೆ. ತೀರ್ಮಾನವಾಗುವವರೆಗೆ ಮನೆಯನ್ನು ಮುಟ್ಟುವಂತಿಲ್ಲ.

೩ ಜುಲೈ, ಮಂಗಳವಾರ

ದೋಣಿ, ಬಸ್ಸು, ಮತ್ತೊಂದು ಬಸ್ಸು. ಸಂಸತ್ತಿನ ಸಭೆಯ ಮೇಲಿನ ಗ್ಯಾಲರಿಯಲ್ಲಿ ಮೂರು ಜಾಗ. ಅತ್ತೆ ನಡುವೆ ಕೂತರು. ಗ್ಯಾಲರಿಯಲ್ಲಿ ಮಾತಾಡಬಾರದು, ಟೋಪಿಯನ್ನು ಕಂಬಿಯ ಮೇಲಿಡಬಾರದು ಎಂದು ಕಾವಲಿನವರು ಹೇಳಿದರು.

ಕೆಳಗೆ ಬಹಳ ಜನ ಇರಲಿಲ್ಲ. ಕೆಲವರು ಪತ್ರಿಕೆ ಓದುತ್ತಿದ್ದರು. ಗುಮಾಸ್ತರು ಒಂದೊಂದೇ ಹೆಸರು ಓದುತ್ತಿದ್ದರು. ಟೆಕ್ಸಾಸಿನ ಯಾರದೋ ಹಸುಗಳು. ಎರಡು ಆಕ್ಷೇಪ, ಹೋಯಿತು. ಚಿಕಾಗೋದ ಒಂದು ಗುಂಡಿ ಕಾರ್ಖಾನೆ. ಯಾರೂ ಮಾತಾಡಲಿಲ್ಲ, ಪಾಸಾಯಿತು. ಹಸುಗಳ ಮನುಷ್ಯ ನಮ್ಮ ಹಿಂದಿನ ಸಾಲಿನಲ್ಲೇ ಇದ್ದ. ಟೋಪಿ ಹಾಕಿಕೊಂಡು ಎದ್ದುಹೋದ.

"ಹೆಸ್ಟರ್ ಬ್ಲಾಕ್ಸಮ್ ಮತ್ತು ಬ್ಲಾಕ್ಸಮ್ ಸಿಂಪಿ ಕಂಪನಿಯ ಪರಿಹಾರಕ್ಕಾಗಿ."

ಎಡಗಡೆಯಿಂದ ಒಬ್ಬರು ಎದ್ದು, "ಆಕ್ಷೇಪವಿದೆ," ಎಂದು ಕೂತರು. ಅಷ್ಟು ಸಲೀಸಾಗಿ ಹೇಳಿದರು, ಉಪ್ಪು ಕೇಳಿದಂತೆ.

ಸಭಾಧ್ಯಕ್ಷರು ತಲೆ ಎತ್ತಿ ನೋಡಿದರು. ಇನ್ನೊಂದು ಬೇಕು. ಬಲಗಡೆ ಒಬ್ಬರು ಕುರ್ಚಿಯ ಕೈಹಿಡಿ ಹಿಡಿದು ಅರ್ಧ ಎದ್ದರು. ನನ್ನ ಬಾಯಲ್ಲಿ ಎಷ್ಟೋ ಮಾತು ಬಂತು. ಯಾವುದನ್ನೂ ಆಡಲಿಲ್ಲ. ಪಕ್ಕದಲ್ಲಿ ಅತ್ತೆಯ ತುಟಿ ಅಲುಗುತ್ತಿತ್ತು. ಪ್ರಾರ್ಥನೆ ಎಂದುಕೊಂಡೆ. ಎಣಿಸುತ್ತಿದ್ದರು. ಮೂರು. ನಾಲ್ಕು. ಆ ಸದಸ್ಯರು ಜೇಬಿನಿಂದ ಕರವಸ್ತ್ರ ತೆಗೆದು ಮತ್ತೆ ಕೂತರು. ಐದು. ಆರು.

ಸುತ್ತಿಗೆ ಬಿತ್ತು. ಗುಮಾಸ್ತರು ಮುಂದಿನ ಹೆಸರು ಓದಿದರು.

"ಆಯ್ತಾ?" ಎಂದು ಪಿಸುಗುಟ್ಟಿದ ಆಲ್ಟನ್.

ನಾನು ತಲೆಯಾಡಿಸಿದೆ. ಸಂಸತ್ತಿನ ಕೆಳಮನೆಯಲ್ಲಿ ಆಯಿತು. ಮೇಲ್ಮನೆ ಮತ್ತು ದೇಶದ ಅಧ್ಯಕ್ಷರ ಸಹಿ ಬಾಕಿ. ಬಸ್ಸಿನಲ್ಲಿ ಅತ್ತೆ ಕಿಟಕಿಗೆ ಹೇಳಿದರು, ಹಸಿವಾಗಿದೆ ಎಂದು. ಬ್ರೆಡ್ಡು ನನ್ನ ಚೀಲದಲ್ಲಿತ್ತು. ಕೊಟ್ಟೆ.

೧೧ ಆಗಸ್ಟ್, ಶನಿವಾರ

ಸಹಿಯಾದ ಪ್ರತಿ ಅಂಚೆಯಲ್ಲಿ ಬಂತು, ಜೊತೆಗೆ ಮಾವನವರ ಪುಸ್ತಕವೂ. ಒಂದೇ ಹಾಳೆ. ತಿದ್ದುಪಡಿ ಮಾಡಿದ್ದಾರೆ. ಸಿಂಪಿ ಕಂಪನಿಯನ್ನು ಕೈಬಿಟ್ಟಿದ್ದಾರೆ. ಕೆಸರಿನೊಳಗೆ ಏನಿತ್ತು ಎಂಬುದಕ್ಕೆ ಪುಸ್ತಕವಿಲ್ಲ. ಮನೆ ಈಗಾಗಲೇ ರಿಪೇರಿಯಾಗಿರುವುದರಿಂದ, ರಿಪೇರಿಗೆ ನಿಜವಾಗಿ ಆದ ಖರ್ಚು ಮಾತ್ರ. ಜ್ಯಾಕಿನ ಬಾಡಿಗೆ ಮತ್ತು ಓಕ್ ದಿಮ್ಮಿ ಸೇರಿ ಅರವತ್ತೊಂದು ಡಾಲರ್ ಐವತ್ತು ಸೆಂಟು. ಎಂಟು ಸಾವಿರದ ನಾನೂರರಲ್ಲಿ ಇಷ್ಟೇ ಉಳಿಯುವಂತೆ ಮಾಡಿದವಳು ನಾನು. ಆಲ್ಟನ್ ಎರಡು ಸಲ ಓದಿ ದೋಣಿಗೆ ಹೋದ.

ಅತ್ತೆ ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಒಂದು ಸಾಲು ಓದಿದರು. "೧೯೪೪ರ ನವೆಂಬರ್ ೧೮ರಂದು ಸರ್ಕಾರ ನಡೆಸಿದ ಸ್ಫೋಟದಿಂದ ಎಲಿಹು ಬ್ಲಾಕ್ಸಮ್ ಕಟ್ಟಿದ ಮನೆಗೆ ಉಂಟಾದ ಹಾನಿಗಾಗಿ." ಮತ್ತೆ ಓದಿದರು. ಹಾಳೆಯನ್ನು ಮಡಿಸದೆ ಎದೆಗೆ ಒತ್ತಿಕೊಂಡು ಟೋಪಿ ಹಾಕಿದರು. ಭಾನುವಾರದ ಟೋಪಿ. ನಾನು ಹಿಂದೆ ಹೋದೆ.

ಅಂಗಡಿಯಲ್ಲಿ ಅದೇ ಮುದುಕರು ಕೂತಿದ್ದರು. ಅತ್ತೆ ಹಾಳೆಯನ್ನು ಮಿಸ್ಟರ್ ಸ್ಪೆನ್ಸ್‌ಗೆ ಕೊಟ್ಟರು. "ಗೋಡೆಗೆ ಹಾಕು. ಒಂದು ವಾರ. ಎಲ್ಲರೂ ಓದ್ಲಿ."

ಮಿಸ್ಟರ್ ಸ್ಪೆನ್ಸ್ ನಿಂತಲ್ಲೇ ಓದಿ, ಇನ್ನೊಮ್ಮೆ ಗಟ್ಟಿಯಾಗಿ ಓದಿ, ಡಬ್ಬಿಗಳ ಪಕ್ಕದ ಗೋಡೆಗೆ ಮೊಳೆ ಹೊಡೆದರು. ಮುದುಕರಲ್ಲಿ ಒಬ್ಬ ಟೋಪಿ ತೆಗೆದ. ಇನ್ನೊಬ್ಬ ಅಂದು ತಮಾಷೆ ಮಾಡಿದವನು. ಅವನು ನೆಲ ನೋಡುತ್ತ, "ಎಲಿಹು ನಮ್ಮನೆ ಮೆಟ್ಟಿಲು ಕಟ್ಟಿದ್ದ. ಇವತ್ತಿಗೂ ಅಲ್ಲಾಡಿಲ್ಲ," ಎಂದ.

"ನನಗೆ ಗೊತ್ತು," ಎಂದರು ಅತ್ತೆ.

ಹಾಳೆ ಗೋಡೆಯ ಮೇಲೆ ಸ್ವಲ್ಪ ಓರೆಯಾಗಿತ್ತು. ನನಗೆ ಕಂಡಿತು, ಆದರೆ ನಾನು ಕೈಕಟ್ಟಿಕೊಂಡು ನಿಂತೆ. ನಾನು ಯಾವುದನ್ನೂ ಮುಟ್ಟುವುದಿಲ್ಲ.

ಅತ್ತೆ ಅದನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅಂಗಡಿಯಲ್ಲೂ ಒಂದು ಒಲೆಯಿತ್ತು. ಅದರ ಕಡೆ ತಿರುಗಲಿಲ್ಲ.

"ಸೊಟ್ಟಗಿದೆ ಮಗಳೇ. ನೆಟ್ಟಗೆ ಮಾಡು. ನಿನಗೆ ಬರುತ್ತಲ್ಲ."

ಮಾಡಿದೆ.